ಐಸಿಯುನಿಂದ ಹೊರಬಂದ ಮೇಲೆ: ಆಸ್ಪತ್ರೆಯಲ್ಲೇ ಇರಬೇಕಾ, ದಿನಾ ಓಡಾಡಬೇಕಾ, ಮನೆಗೇ ಕರೆಸಬೇಕಾ?

ನಮ್ಮ ಬಾಗಲಕೋಟೆಯಲ್ಲಿ ಪುನರ್ವಸತಿ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಆಲಮಟ್ಟಿ ಹಿನ್ನೀರು. ಮುಳುಗಡೆ, ಪರಿಹಾರದ ಚೆಕ್ಕು, ನವನಗರದ ಸೆಕ್ಟರ್ ನಂಬರು. ಹಾಗಾಗಿ ಅಪ್ಪನನ್ನು ಡಿಸ್ಚಾರ್ಜ್ ಮಾಡುವಾಗ ಡಾಕ್ಟರು "ಇನ್ನು ಇವರಿಗೆ ಪುನರ್ವಸತಿ ಬೇಕು" ಅಂದಾಗ ಅವ್ವ "ನಮ್ಮ ಮನಿ ಮುಳುಗಡಿ ಆಗಿಲ್ರಿ" ಅಂದಳು. ಡಾಕ್ಟರು ಹೇಳಿದ್ದು ಕಾಯಿಲೆಯಿಂದ ಸೋತ ಮೈ, ಮನಸ್ಸಿಗೆ ಮತ್ತೆ ಬಲ ಬರಿಸೋ ಚಿಕಿತ್ಸೆಯ ಬಗ್ಗೆ. ಹತ್ತೊಂಬತ್ತು ದಿನ ಐಸಿಯು ಬಾಗಿಲ ಹೊರಗೆ ಕೂತವಳು, ಅವಳಿಗೆ ಯಾವ ಮಾತೂ ಸರಿಯಾಗಿ ಕಿವಿಗೆ ಬೀಳುತ್ತಿರಲಿಲ್ಲ. ನನಗೂ ಅಷ್ಟೇ. ಜೀವ ಉಳಿಯಿತು, ಮನೆಗೆ ಹೋದರೆ ಸಾಕು ಅನ್ನೋದೊಂದೇ ತಲೆಯಲ್ಲಿತ್ತು.

ಅಪ್ಪನಿಗೆ ಆಗ 66. ನ್ಯುಮೋನಿಯಾದಿಂದ ಶುರುವಾಗಿ ರಕ್ತಕ್ಕೆ ಸೋಂಕು ಏರಿತ್ತು, 11 ದಿನ ವೆಂಟಿಲೇಟರ್ ಮೇಲಿದ್ದರು. ಮನೆಗೆ ಬಂದು ಕಾರಿನಿಂದ ಇಳಿಸಿದರೆ ನಮ್ಮ ಕಟ್ಟೆಯ ಮೂರು ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಹೊಲದಲ್ಲಿ ದಿನವಿಡೀ ನಿಲ್ಲುತ್ತಿದ್ದ ಮನುಷ್ಯ. ಇಬ್ಬರು ಎತ್ತಿಕೊಂಡು ಹೋಗಿ ಹೊರಸಿನ ಮೇಲೆ ಮಲಗಿಸಿದೆವು. ಆ ರಾತ್ರಿ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ನನಗೆ ಇನ್ನೂ ಮರೆತಿಲ್ಲ.

ಆಮೇಲಿನ ಆರು ತಿಂಗಳಲ್ಲಿ ನಾವು ಒಂದೊಂದಾಗಿ ಎಲ್ಲ ದಾರಿ ನೋಡಿದೆವು. ಓಣಿಯಲ್ಲಿ, ನೆಂಟರಲ್ಲಿ ಯಾರಾದರೂ ಐಸಿಯುನಿಂದ ಬಂದರೆ ಈಗ ನನಗೇ ಫೋನ್ ಮಾಡಿ "ಏನ್ ಮಾಡೋದು, ಎಲ್ಲಿಗೆ ಕರ್ಕೊಂಡು ಹೋಗೋದು" ಅಂತ ಕೇಳುತ್ತಾರೆ. ಅವರಿಗೆಲ್ಲ ಹೇಳೋದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ರೋಗಿಯ ಮಗ, ಆಮೇಲೆ ಸಾಕಷ್ಟು ಓದಿಕೊಂಡವನು, ಅಷ್ಟೇ.

ಯಾಕೆ ಇಷ್ಟೊಂದು ಸೋತುಹೋಗುತ್ತಾರೆ

ಇದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ಆಯ್ಕೆಯೂ ಸರಿಯಾಗಿ ಆಗಲ್ಲ, ಅದಕ್ಕೆ ಮೊದಲು ಇದನ್ನೇ ಹೇಳುತ್ತೇನೆ. ಐಸಿಯುನಲ್ಲಿ ಮಲಗಿದವರ ಸ್ನಾಯು ಭಯಂಕರ ವೇಗದಲ್ಲಿ ಕರಗುತ್ತದೆ. 2013ರಲ್ಲಿ ಇಂಗ್ಲೆಂಡಿನ ಸಂಶೋಧಕರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಸ್ಕ್ಯಾನ್ ಮಾಡಿ ಅಳೆದಿದ್ದರು. ಹತ್ತೇ ದಿನಕ್ಕೆ ಸರಾಸರಿ ಶೇಕಡಾ 18ರಷ್ಟು ಹೋಗಿತ್ತು. ಒಂದಕ್ಕಿಂತ ಹೆಚ್ಚು ಅಂಗ ಕೈಕೊಟ್ಟವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಕಟ್ಟೆ ಹತ್ತೋಕೆ ಆಗಲಿಲ್ಲ ಅಂದರೆ ಅದು ಸೋಮಾರಿತನ ಅಲ್ಲ, ಮನಸ್ಸು ಮಾಡದಿರೋದೂ ಅಲ್ಲ. ಕಾಲಲ್ಲಿ ಕಸುವೇ ಇಲ್ಲ.

ದೇಹ ಮಾತ್ರ ಅಲ್ಲ. 2012ರಲ್ಲಿ ತೀವ್ರ ನಿಗಾ ತಜ್ಞರೆಲ್ಲ ಸೇರಿ ಇದಕ್ಕೊಂದು ಹೆಸರು ಕೊಟ್ಟರು, ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್, ಚಿಕ್ಕದಾಗಿ ಪಿಕ್ಸ್. ಇದರಲ್ಲಿ ಮೂರು ಭಾಗ: ಮೈ ಸೋಲು, ನೆನಪು ಮತ್ತು ಯೋಚನೆಯ ಮಂಕು, ಮನಸ್ಸಿನ ಭಯ ಮತ್ತು ಬೇಸರ. ಅಮೆರಿಕದಲ್ಲಿ 821 ರೋಗಿಗಳನ್ನು ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಮೂರು ತಿಂಗಳಾದ ಮೇಲೂ ಪರೀಕ್ಷೆ ಮಾಡಿದವರಲ್ಲಿ ಶೇಕಡಾ 40 ಮಂದಿಯ ಬುದ್ಧಿಚುರುಕು ತಲೆಗೆ ಪೆಟ್ಟು ಬಿದ್ದವರ ಮಟ್ಟಕ್ಕೆ ಇಳಿದಿತ್ತು. ವಯಸ್ಸಾದವರಲ್ಲಿ ಮಾತ್ರ ಅಲ್ಲ, ಹರೆಯದವರಲ್ಲೂ. ಮನೆಯವರ ನಿದ್ದೆ, ಧೈರ್ಯ ಹೋಗೋದನ್ನೂ ಇದರ ಜೊತೆಗೇ ಎಣಿಸುತ್ತಾರೆ. ನಮ್ಮ ಅವ್ವನಿಗೆ ಆಗಿದ್ದು ಅದೇ.

ಇಷ್ಟಾದ ಮೇಲೆ ಪ್ರಶ್ನೆ ಬರುತ್ತದೆ, ಎಲ್ಲಿ ಚೇತರಿಸಿಕೊಳ್ಳೋದು? ನಮ್ಮ ಮೂರು ಜಿಲ್ಲೆಯ ಜನ, ಅಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದವರು, ಈ ಪ್ರಶ್ನೆಯನ್ನು ಬೇರೆ ತರ ಕೇಳುತ್ತೇವೆ: "ಯಾವ ಆಸ್ಪತ್ರೆ ದೊಡ್ಡದು?" ನಾನೂ ಹಾಗೇ ಕೇಳಿದ್ದೆ. ತಪ್ಪು ಪ್ರಶ್ನೆ. ಈಗ ನಾನು ಎರಡನ್ನೇ ಕೇಳುತ್ತೇನೆ. ಇವರಿಗೆ ಮೊದಲು ಏನು ನಿಂತುಹೋಗಿದೆ, ಉಸಿರಾ, ನುಂಗೋದಾ, ನಡೆಯೋದಾ, ತಲೆಯಾ? ಮತ್ತೆ, ಆ ಜಾಗದಲ್ಲಿ ವಾರಕ್ಕೆ ಎಷ್ಟು ದಿನ ನಿಜವಾಗಿ ಕೆಲಸ ನಡೆಯುತ್ತದೆ?

ಆಸ್ಪತ್ರೆಯಲ್ಲೇ ಇನ್ನಷ್ಟು ದಿನ ಇರೋದು

ಮನೆಗೆ ಹೋಗೋ ಆತುರದಲ್ಲಿ ಇದನ್ನು ಯಾರೂ ಆಯ್ಕೆ ಅಂತ ನೋಡೋದೇ ಇಲ್ಲ. ಆದರೆ ಕೆಲವರಿಗೆ ಇದೇ ಸರಿ. ಗಂಟಲಿಗೆ ತೂತು ಮಾಡಿ ನಳಿಕೆ ಇಟ್ಟಿದ್ದರೆ, ಇನ್ನೂ ಮೂಗಿನ ನಳಿಕೆಯಿಂದ ಊಟ ಹೋಗುತ್ತಿದ್ದರೆ, ಹಿಡಿದುಕೊಂಡರೂ ಮಂಚದ ಅಂಚಿಗೆ ಕೂರೋಕೆ ಆಗದಿದ್ದರೆ, ಬೆನ್ನಿಗೆ ಹುಣ್ಣಾಗಿದ್ದರೆ, ಆಕ್ಸಿಜನ್ ಇನ್ನೂ ಬೇಕಿದ್ದರೆ, ಆತುರ ಬೇಡ. ಐಸಿಯುನಿಂದ ವಾರ್ಡಿಗೆ ಬಂದು ಅಲ್ಲಿ ಒಂದು ವಾರ, ಹತ್ತು ದಿನ ಫಿಸಿಯೋಥೆರಪಿ ನಡೆದರೆ ಮನೆಯಲ್ಲಿ ಮಾಡಬೇಕಾದ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಇದಕ್ಕೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಅನುಕೂಲ. ಬೆಳಗಾವಿಯಲ್ಲಿ ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ ಇದೆ, ಕೆಎಲ್‌ಇಗೆ ಫಿಸಿಯೋಥೆರಪಿ ಕಾಲೇಜೇ ಇದೆ. ಸರ್ಕಾರಿ ಕಡೆ ಬಿಮ್ಸ್, ಅಂದರೆ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆ. ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ನಮ್ಮ ಬಾಗಲಕೋಟೆ ನವನಗರದಲ್ಲಿ ಕುಮಾರೇಶ್ವರ ಆಸ್ಪತ್ರೆ. ಕಾಲೇಜು ಇರೋ ಕಡೆ ಒಂದೇ ಕಟ್ಟಡದಲ್ಲಿ ಶ್ವಾಸಕೋಶದವರು, ನರದವರು, ಮಕ್ಕಳ ಡಾಕ್ಟರು ಸಿಗುತ್ತಾರೆ, ಒಬ್ಬರು ಇನ್ನೊಬ್ಬರನ್ನು ಕರೆದು ಕೇಳಬಹುದು. ವಿದ್ಯಾರ್ಥಿಗಳು ಬಂದು ನೋಡುತ್ತಾರೆ ಅಂತ ಕೆಲವರು ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ ಆ ಹುಡುಗ ಹುಡುಗಿಯರೇ ಅಪ್ಪನ ಹತ್ತಿರ ಜಾಸ್ತಿ ಹೊತ್ತು ಕೂತು, ಜಾಸ್ತಿ ತಾಳ್ಮೆಯಿಂದ ಉಸಿರಾಟದ ವ್ಯಾಯಾಮ ಮಾಡಿಸಿದ್ದು.

ವ್ಯಾಯಾಮ ಬೇಗ ಶುರುವಾದರೆ ಲಾಭ ಇದೆ ಅಂತ 2009ರ ಒಂದು ಅಮೆರಿಕನ್ ಪ್ರಯೋಗ ತೋರಿಸಿತ್ತು. ವೆಂಟಿಲೇಟರ್ ಮೇಲಿದ್ದ 104 ರೋಗಿಗಳಲ್ಲಿ, ಬೇಗ ವ್ಯಾಯಾಮ ಶುರು ಮಾಡಿದವರ ಪೈಕಿ ಶೇಕಡಾ 59 ಮಂದಿ ಡಿಸ್ಚಾರ್ಜ್ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟಾಗಿದ್ದರು, ಉಳಿದವರಲ್ಲಿ ಶೇಕಡಾ 35. ಆದರೆ 2022ರಲ್ಲಿ ಆಸ್ಟ್ರೇಲಿಯಾದವರು ಮುಂದೆ ನಿಂತು 750 ರೋಗಿಗಳ ಮೇಲೆ ಮಾಡಿದ ದೊಡ್ಡ ಪ್ರಯೋಗದಲ್ಲಿ, ಐಸಿಯುನಲ್ಲಿ ಮಾಮೂಲಿಗಿಂತ ಇನ್ನೂ ಜೋರಾಗಿ ಮಾಡಿಸಿದರೆ ಹೆಚ್ಚಿನ ಲಾಭ ಕಾಣಲಿಲ್ಲ, ಬದಲಿಗೆ ಎದೆಬಡಿತ ಏರುಪೇರಾಗೋದು, ಆಕ್ಸಿಜನ್ ಇಳಿಯೋದು ಹೆಚ್ಚಾಯಿತು. ಹಾಗಾಗಿ "ನಮ್ಮಪ್ಪನ್ನ ಯಾಕ್ರೀ ಇನ್ನೂ ನಡೆಸ್ತಿಲ್ಲ" ಅಂತ ನರ್ಸ್ ಮೇಲೆ ರೇಗಬೇಡಿ. ಕೇಳಿ, ಖಂಡಿತ ಕೇಳಿ, ಆದರೆ "ಇವತ್ತು ಏನು ಮಾಡಿಸಿದಿರಿ, ನಾಳೆ ಏನು" ಅಂತ ಕೇಳಿ.

ದುಡ್ಡಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇಕಡಾ 30, ಗರಿಷ್ಠ ಒಂದೂವರೆ ಲಕ್ಷ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಈ ನೆರವು ಮುಖ್ಯವಾಗಿ ಒಳರೋಗಿಯಾಗಿ ಇದ್ದಾಗಿನದು. ಮನೆಗೆ ಬಂದು ಮಾಡಿಸೋ ಫಿಸಿಯೋ ಖರ್ಚು ನಮ್ಮ ಕೈಯಿಂದಲೇ. ಖಾಸಗಿ ವಿಮೆ ಇದ್ದವರು ಡಿಸ್ಚಾರ್ಜ್ ನಂತರದ ಎಷ್ಟು ದಿನದ ಖರ್ಚು ಕೊಡುತ್ತಾರೆ ಅಂತ ಪಾಲಿಸಿಯಲ್ಲಿ ನೋಡಿ, ಡಾಕ್ಟರ ಹತ್ತಿರ "ಫಿಸಿಯೋಥೆರಪಿ ಅಗತ್ಯ" ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಆಮೇಲೆ ಬರೆಸೋದು ಕಷ್ಟ.

ಹೊರರೋಗಿಯಾಗಿ ಹೋಗಿ ಬರೋದು

ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋ ವಿಭಾಗ ಇರುತ್ತದೆ, ದರ ಕಡಿಮೆ. ಕಾಲೇಜು ಆಸ್ಪತ್ರೆಗಳಲ್ಲಿ ಪ್ಯಾರಲಲ್ ಬಾರ್ (ಎರಡೂ ಕಡೆ ಹಿಡಿದು ನಡೆಯೋ ಕಂಬಿ), ಟಿಲ್ಟ್ ಟೇಬಲ್ (ಮಲಗಿದವರನ್ನು ನಿಧಾನಕ್ಕೆ ನಿಲ್ಲಿಸೋ ಮೇಜು) ತರದ ಸಾಮಾನು ಇರುತ್ತದೆ, ಅದು ಮನೆಗೆ ಬರಲ್ಲ. ಒಂದು ಮೈಲಿ ಎರಡು ಮೈಲಿಯೊಳಗೆ ಇದ್ದು, ಆಟೋದಲ್ಲಿ ಕೂರೋವಷ್ಟು ಶಕ್ತಿ ರೋಗಿಗೆ ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ.

ದೂರ ಆದರೆ ಮಾತ್ರ ಇದು ಕೈಕೊಡುತ್ತದೆ. ನಾವು ಮಾಡಿದ ತಪ್ಪು ಇದೇ. ಮೊದಲ ತಿಂಗಳು ಅಪ್ಪನನ್ನು ಕಾರಿನಲ್ಲಿ ದೂರದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಹೆಸರು ಇರೋ ಕಡೆ ಹೋಗೋಣ ಅಂತ. ಬೆಳಿಗ್ಗೆ ಆರಕ್ಕೆ ಹೊರಟು, ಸಾಲಲ್ಲಿ ಕೂತು, ಮುಕ್ಕಾಲು ಗಂಟೆ ವ್ಯಾಯಾಮ, ವಾಪಸ್ ಬರುವಾಗ ಸಂಜೆ. ಮರುದಿನ ಪೂರ್ತಿ ಮಲಗೇ ಇರೋರು. ಕಾರಿನ ಕುಲುಕಾಟಕ್ಕೇ ಇದ್ದ ಬಲ ಖರ್ಚಾಗುತ್ತಿತ್ತು. ಅವ್ವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವ್ಯಾಯಾಮ ಆದ ದಿನಕ್ಕೆ ಕುಂಕುಮದ ಬೊಟ್ಟು ಇಡುತ್ತಿದ್ದಳು. ತಿಂಗಳ ಕೊನೆಗೆ ಎಣಿಸಿದರೆ ಆರು ಬೊಟ್ಟು. ಅಷ್ಟು ಓಡಾಡಿ, ಅಷ್ಟು ಡೀಸೆಲ್ ಸುಟ್ಟು, ಆರೇ ದಿನ.

ಎರಡನೇ ತಿಂಗಳು ಫಿಸಿಯೋಥೆರಪಿಸ್ಟ್ ಮನೆಗೇ ಬರೋಕೆ ಶುರು ಮಾಡಿದರು. ಬೊಟ್ಟು ಇಪ್ಪತ್ತೈದು.

ಇಷ್ಟನ್ನೇ ನಾನು ಎಲ್ಲರಿಗೂ ಒತ್ತಿ ಹೇಳೋದು. ಬಿಲ್ಡಿಂಗ್ ನೋಡಬೇಡಿ, ಬೊಟ್ಟು ಎಣಿಸಿ.

ಮನೆಗೇ ಕರೆಸೋದು

ಮಂಚದಿಂದ ಕುರ್ಚಿಗೆ ಹಿಡಿದುಕೊಂಡಾದರೂ ಬರೋ ರೋಗಿಗೆ, ಆಕ್ಸಿಜನ್ ಬೇಡದವರಿಗೆ, ಬಾಯಿಂದ ಉಣ್ಣೋರಿಗೆ ಮನೆಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಅವರು ಹತ್ತಬೇಕಾದದ್ದು ನಿಮ್ಮ ಮನೆಯ ಮೆಟ್ಟಿಲು, ಆಸ್ಪತ್ರೆಯದ್ದಲ್ಲ. ಕೂತು ಏಳಬೇಕಾದದ್ದು ನಿಮ್ಮ ಪಾಯಿಖಾನೆಯಲ್ಲಿ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಪಾಯಿಖಾನೆ ಹಿತ್ತಲಲ್ಲಿ, ಕುಕ್ಕರಗಾಲಲ್ಲಿ ಕೂರೋದು. ತೊಡೆಯ ಸ್ನಾಯು ಕರಗಿದವರಿಗೆ ಅಲ್ಲಿಂದ ಏಳೋದೇ ದೊಡ್ಡ ಪರೀಕ್ಷೆ, ಬೀಳೋದೂ ಅಲ್ಲೇ. ನಮ್ಮಲ್ಲಿಗೆ ಬಂದ ಫಿಸಿಯೋ ಹುಡುಗಿ ಮೊದಲ ದಿನ ಅಪ್ಪನ ಕಾಲು ಮುಟ್ಟೋದಕ್ಕಿಂತ ಮೊದಲು ಹಿತ್ತಲಿಗೆ ಹೋಗಿ ಬಂದಳು. ಕಮೋಡ್ ಕುರ್ಚಿ ತನ್ನಿ, ಗೋಡೆಗೆ ಹಿಡಿ ಹಾಕಿಸಿ, ಬಚ್ಚಲ ಕಲ್ಲಿನ ಪಾಚಿ ತಿಕ್ಕಿ, ರಾತ್ರಿ ಒಂದು ಬಲ್ಬು ಉರಿಯಲಿ ಅಂದಳು. ಆಮೇಲೆ ಹೊರಸನ್ನೂ ತೆಗೆಸಿದಳು. ಹೊರಸು ತಗ್ಗು, ನಡುವೆ ಜೋತುಬಿದ್ದಿರುತ್ತದೆ, ಅದರಿಂದ ಏಳೋಕೆ ಗಟ್ಟಿಮುಟ್ಟಾದವರಿಗೇ ಕಷ್ಟ. ಎತ್ತರದ ಗಟ್ಟಿ ಮಂಚ ಬಂತು.

ವ್ಯಾಯಾಮ ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಕುರ್ಚಿಯಿಂದ ಏಳೋದು, ಕೂರೋದು. ಮೊದಲ ವಾರ ಎರಡು ಸಲ, ಕೈ ಊರಿಕೊಂಡು. ಮೂರನೇ ವಾರ ಐದು. ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ನಡೆಯೋದು. ಹಿಮ್ಮಡಿ ಎತ್ತೋದು. ಆಳವಾಗಿ ಉಸಿರು ತಗೊಂಡು ಕೆಮ್ಮಿ ಕಫ ಹೊರಹಾಕೋದು. ಮಾತಾಡೋಕೆ ಆಗುತ್ತೆ ಆದರೆ ಹಾಡೋಕೆ ಆಗಲ್ಲ, ಅಷ್ಟು ಏದುಸಿರು ಬಂದರೆ ಸರಿಯಾದ ಮಟ್ಟ ಅಂತ ಅವಳು ಹೇಳಿಕೊಟ್ಟಿದ್ದು. ಮಾತೂ ಬರದಿದ್ದರೆ ಜಾಸ್ತಿಯಾಯಿತು, ಕೂರಿಸಿ.

ಇಲ್ಲಿ ಮೂರು ಗೊಂದಲ ಬಿಡಿಸಿಕೊಳ್ಳಿ, ತುಂಬಾ ಮನೆಗಳಲ್ಲಿ ದುಡ್ಡು ಹೋಗೋದು ಇಲ್ಲೇ.

ಮೊದಲನೆಯದು, ಫಿಸಿಯೋಥೆರಪಿಸ್ಟ್ ಬೇರೆ, ಮನೆಯಲ್ಲಿ ನೋಡಿಕೊಳ್ಳೋಕೆ ಬರೋ ಅಟೆಂಡರ್ ಬೇರೆ. ಅಟೆಂಡರ್ ಸ್ನಾನ ಮಾಡಿಸುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಅದೂ ದೊಡ್ಡ ಕೆಲಸವೇ. ಆದರೆ ರೋಗಿಯಿಂದ ಕೆಲಸ ಮಾಡಿಸೋದು ಅವರ ಕಲಿಕೆಯಲ್ಲಿಲ್ಲ. ಎಲ್ಲವನ್ನೂ ತಾವೇ ಮಾಡಿಕೊಟ್ಟರೆ ರೋಗಿ ಇನ್ನೂ ಸೋಲುತ್ತಾನೆ. ಬರೋರು ಬಿಪಿಟಿ (ಫಿಸಿಯೋಥೆರಪಿಯ ಪದವಿ) ಓದಿದ್ದಾರಾ ಅಂತ ಕೇಳೋಕೆ ನಾಚಿಕೆ ಬೇಡ.

ಎರಡನೆಯದು ಎಣ್ಣೆ ತಿಕ್ಕೋದು. ನಮ್ಮಲ್ಲಿ ಎಲ್ಲದಕ್ಕೂ ಅದೇ ಮದ್ದು. ಮೈಗೆ ಹಿತ, ಮನಸ್ಸಿಗೂ ಹಿತ, ಬೇಡ ಅನ್ನಲ್ಲ. ಕರಗಿದ ಸ್ನಾಯು ಮಾತ್ರ ತಿಕ್ಕಿದರೆ ಬರಲ್ಲ, ಬಳಸಿದರೆ ಬರುತ್ತದೆ. ಒಂದು ಎಚ್ಚರಿಕೆ ಇದೆ: ಒಂದೇ ಕಾಲು ಊದಿಕೊಂಡು, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಲೇಬೇಡಿ. ಬಹಳ ದಿನ ಮಲಗಿದವರಲ್ಲಿ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಆ ದಿನವೇ ಡಾಕ್ಟರ ಹತ್ತಿರ ಹೋಗಿ.

ಮೂರನೆಯದು ಕರೆಂಟ್ ಹಚ್ಚೋದು. ಕೆಲವರು ಬಂದು ಮಷೀನು ಹಚ್ಚಿ ಇಪ್ಪತ್ತು ನಿಮಿಷ ಫೋನ್ ನೋಡಿಕೊಂಡು ಕೂತು ಹೋಗುತ್ತಾರೆ. ಕೆಲವು ಸಂದರ್ಭದಲ್ಲಿ ಮಷೀನಿಗೆ ಅದರದೇ ಉಪಯೋಗ ಇದೆ, ಆದರೆ ಬಂದು ಹೋದ ಮೇಲೆ ರೋಗಿಗೆ ಸ್ವಲ್ಪವೂ ದಣಿವಾಗಿಲ್ಲ ಅಂದರೆ, ಎರಡು ವಾರದ ಹಿಂದಿನದಕ್ಕೂ ಇವತ್ತಿಗೂ ಏನೂ ಬದಲಾಗಿಲ್ಲ ಅಂದರೆ, ಬೇರೆಯವರನ್ನು ಹುಡುಕಿ.

ಮನೆಯ ದೊಡ್ಡ ತೊಂದರೆ ಅಂದರೆ ಮಾತಾಡಿಸೋಕೆ ಬರೋರು. ಪ್ರೀತಿಯಿಂದಲೇ ಬರುತ್ತಾರೆ. ಆದರೆ ದಿನಕ್ಕೆ ಹತ್ತು ಜನ ಬಂದು "ಎಷ್ಟು ಇಳಿದುಹೋಗೀರಿ" ಅಂದರೆ ರೋಗಿಯ ಗತಿ ಏನು ಹೇಳಿ. ನಾವು ಸಂಜೆ ಐದರಿಂದ ಆರು ಮಾತ್ರ ಅಂತ ಮಾಡಿದೆವು. ಕೆಲವರು ಮುನಿಸಿಕೊಂಡರು, ಆಮೇಲೆ ಸರಿಹೋಯಿತು.

ಮತ್ತೆ ಒಂದು ಮಾತು, ಇದು ನನಗೆ ಬಹಳ ನೋವು ಕೊಡೋ ವಿಷಯ. ರೋಗಿ ಹೆಂಗಸಾಗಿದ್ದರೆ ಮನೆ ಅಷ್ಟು ಒಳ್ಳೆಯ ಜಾಗ ಅಲ್ಲ. ನಮ್ಮ ಓಣಿಯಲ್ಲೇ ಒಬ್ಬ ತಾಯಿ, ಹೆರಿಗೆಯ ನಂತರ ರಕ್ತಸ್ರಾವವಾಗಿ ಐಸಿಯುನಲ್ಲಿ ಇದ್ದು ಬಂದವರು, ನಾಲ್ಕನೇ ದಿನಕ್ಕೆ ರೊಟ್ಟಿ ಬಡಿಯುತ್ತಿದ್ದರು. ಯಾರೂ ಒತ್ತಾಯ ಮಾಡಿರಲಿಲ್ಲ, ಯಾರೂ ಬೇಡ ಅಂದೂ ಇರಲಿಲ್ಲ. ವ್ಯಾಯಾಮದ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಅಂಥ ಮನೆಗಳಿಗೆ ನಾನು ಹೇಳೋದು, ಹತ್ತು ದಿನ ಜಾಸ್ತಿ ಆಸ್ಪತ್ರೆಯಲ್ಲಿರಲಿ, ಇಲ್ಲ ತವರಿಗೆ ಕಳಿಸಿ. ಮಹಿಳಾ ಫಿಸಿಯೋ ಸಿಗುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಸಂಕೋಚಕ್ಕೆ ಎರಡೇ ದಿನಕ್ಕೆ ನಿಂತುಹೋಗುತ್ತದೆ.

ದೊಡ್ಡ ಊರಿಗೆ ಹೋಗೋದು ಯಾವಾಗ ಸರಿ

ನಮ್ಮ ಕಡೆಯವರು ಮಿರಜ್, ಸೊಲ್ಲಾಪುರ, ಹುಬ್ಬಳ್ಳಿಗೆ ಹೋಗೋದು ರೂಢಿ. ಬೆಂಗಳೂರು ಬೆಳಗಾವಿಯಿಂದ ಸುಮಾರು 500 ಕಿಲೋಮೀಟರ್. ಬರೀ ನಿಶ್ಶಕ್ತಿ ಅಂತ ಅಷ್ಟು ದೂರ ಹೋಗಬೇಡಿ. ಮೆದುಳಿಗೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಮಾತ್ರ ಲೆಕ್ಕ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗ ಇದೆ. ಮಾತು ನಿಂತಿದ್ದರೆ, ನುಂಗೋದು ಬಹಳ ದಿನ ಸರಿಹೋಗದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿರೋರು. ಮುಂಬೈ ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಪುನಶ್ಚೇತನ ಸಂಸ್ಥೆ ಇದೆ, ಕೃತಕ ಕಾಲು, ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟೋ ಪಟ್ಟಿ) ಬೇಕಾದವರಿಗೆ ಅನುಕೂಲ.

ಹೋದರೆ ಅಲ್ಲೇ ಉಳಿದು ಮಾಡಿಸಿ, ಹೋಗಿ ಬಂದು ಅಲ್ಲ. ಮನೆಯವರೊಬ್ಬರು ಪ್ರತಿ ವ್ಯಾಯಾಮದ ಹೊತ್ತಿಗೂ ಪಕ್ಕದಲ್ಲಿ ನಿಂತು ಕಲಿಯಬೇಕು, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಬೇಕು, ಊರಿನ ಫಿಸಿಯೋಗೆ ಕೊಡೋಕೆ ಒಂದು ಪತ್ರ ಬರೆಸಿಕೊಂಡು ಬರಬೇಕು.

ವಯಸ್ಸು ಬದಲಾದರೆ ಆಯ್ಕೆಯೂ ಬದಲಾಗುತ್ತದೆ

ಮಕ್ಕಳು ದೊಡ್ಡವರ ಸಣ್ಣ ಪ್ರತಿ ಅಲ್ಲ. ಜಮಖಂಡಿ ಕಡೆಯ ನಮ್ಮ ನೆಂಟರ ಹುಡುಗನಿಗೆ ಒಂಬತ್ತು ವರ್ಷಕ್ಕೆ ಜಿಬಿಎಸ್ (ಗಿಲಾನ್ ಬಾರೆ ಸಿಂಡ್ರೋಮ್, ನರಗಳು ಸೋತು ಕೈಕಾಲು ನಿಶ್ಶಕ್ತವಾಗೋ ಕಾಯಿಲೆ) ಬಂದಿತ್ತು, ಕಾಲಿನಿಂದ ಶುರುವಾಗಿ ಉಸಿರಾಟಕ್ಕೆ ಏರಿ ವೆಂಟಿಲೇಟರ್ ಹಾಕಬೇಕಾಯಿತು. ಆ ಕಾಯಿಲೆಯಲ್ಲಿ ಆರು ತಿಂಗಳಿಗೆ ಹತ್ತರಲ್ಲಿ ಎಂಟು ಮಂದಿ ತಾವೇ ನಡೆಯುತ್ತಾರೆ, ಅಷ್ಟು ಧೈರ್ಯ ಇಟ್ಟುಕೊಳ್ಳಬಹುದು. ಅವನು ವ್ಯಾಯಾಮ ಅಂದರೆ ಅಳುತ್ತಿದ್ದ. ಗೋಲಿ ಆಡಿಸಿದರು, ಗೋಡೆಗೆ ಚೆಂಡು ಹೊಡೆಸಿದರು, ಕೈ ಕಾಲು ಎರಡೂ ಕೆಲಸ ಮಾಡಿದವು. ಮಕ್ಕಳಿಗೆ ಮನೆ ಹತ್ತಿರದ ಜಾಗವೇ ಮೇಲು, ಅಣ್ಣ ತಮ್ಮ, ಗೆಳೆಯರು ಸುತ್ತ ಇರಬೇಕು. ಶಾಲೆಗೆ ಮೊದಲು ಅರ್ಧ ದಿನ ಕಳಿಸಿ, ಮೇಷ್ಟ್ರಿಗೆ ಮೊದಲೇ ಹೇಳಿ. ರಾತ್ರಿ ಬೆಚ್ಚಿ ಏಳೋದು, ಮತ್ತೆ ಹಾಸಿಗೆ ಒದ್ದೆ ಮಾಡೋದು, ಅವ್ವನ ಸೆರಗು ಬಿಡದಿರೋದು ಐಸಿಯುನ ಭಯದಿಂದ ಆಗುತ್ತದೆ, ಅದಕ್ಕೆ ಬೈಯಬಾರದು. ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನವರಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರದ ಸೌಲಭ್ಯ ಬರುತ್ತದೆ, ಅಲ್ಲಿ ವಿಚಾರಿಸಿ. ಎನ್ಐಸಿಯುನಲ್ಲಿ, ಅಂದರೆ ಹಸುಗೂಸುಗಳ ಐಸಿಯುನಲ್ಲಿ ಇದ್ದು ಬಂದ ಕೂಸಿಗೆ ಇದು ಇನ್ನೂ ಮುಖ್ಯ: ಕತ್ತು ನಿಲ್ಲೋದು, ಕೂರೋದು, ದೃಷ್ಟಿ, ಕಿವಿ ಎಲ್ಲವನ್ನೂ ಕಾಲಕಾಲಕ್ಕೆ ತೋರಿಸಬೇಕು.

ಹರೆಯದವರ ಕಷ್ಟ ಬೇರೆ. ನಮ್ಮ ಕಬ್ಬಿನ, ದ್ರಾಕ್ಷಿಯ ಸೀಮೆಯಲ್ಲಿ ಐಸಿಯುಗೆ ಹೋಗೋ ಗಂಡಸರಲ್ಲಿ ಹಾವು ಕಡಿದವರು, ಬೆಳೆಗೆ ಕೀಟನಾಶಕ ಹೊಡೆಯುವಾಗ ವಿಷ ಏರಿದವರು, ಬೈಕಿನಿಂದ ಬಿದ್ದವರು ಇರುತ್ತಾರೆ. ಕೀಟನಾಶಕದ ವಿಷ ಏರಿದವರು ಚೇತರಿಸಿಕೊಂಡು ಬಂದ ಮೇಲೂ ಒಂದರಿಂದ ಮೂರು ವಾರದಲ್ಲಿ ಪಾದ, ಮೀನಖಂಡದಲ್ಲಿ ಜೋಮು, ನಿಶ್ಶಕ್ತಿ ಕಾಣಿಸಬಹುದು. ಅದನ್ನು ದಣಿವು ಅಂತ ಬಿಡಬೇಡಿ, ನರದ ಡಾಕ್ಟರಿಗೆ ತೋರಿಸಿ. ಹರೆಯದವರಿಗೆ ಮನೆಗಿಂತ ಹೊರರೋಗಿ ವಿಭಾಗ ಒಳ್ಳೆಯದು, ಮನೆಯಿಂದ ಹೊರಗೆ ಬೀಳಬೇಕು, ತಮ್ಮಂಥ ಇನ್ನೊಬ್ಬರನ್ನು ನೋಡಬೇಕು. ಸಾಲದ ಯೋಚನೆಯಲ್ಲಿ ತಿಂಗಳೊಳಗೆ ಹೊಲಕ್ಕೆ ಇಳಿಯುತ್ತಾರೆ. ಕೆನಡಾದಲ್ಲಿ ಶ್ವಾಸಕೋಶ ತೀವ್ರವಾಗಿ ಹಾಳಾಗಿ ಬದುಕಿದವರನ್ನು ಐದು ವರ್ಷ ನೋಡಿದ್ದಾರೆ, ಹೆಚ್ಚಿನವರು ನಡುವಯಸ್ಸಿನವರು. ಐದು ವರ್ಷದ ಮೇಲೂ ಆರು ನಿಮಿಷದ ನಡಿಗೆಯಲ್ಲಿ ಅವರು ನಡೆದದ್ದು 436 ಮೀಟರ್, ಅವರ ವಯಸ್ಸಿಗೆ ನಡೆಯಬೇಕಾದದ್ದರ ಮುಕ್ಕಾಲು ಪಾಲು. ಹೆದರಿಸೋಕೆ ಹೇಳುತ್ತಿಲ್ಲ. ಒಂದು ತಿಂಗಳಿಗೆ ಮೊದಲಿನಂತೆ ಆಗಲಿಲ್ಲ ಅಂತ ನಿಮ್ಮ ಮನೆಯ ಹುಡುಗನನ್ನು ಹಂಗಿಸಬೇಡಿ ಅಂತ ಹೇಳುತ್ತಿದ್ದೇನೆ.

ವಯಸ್ಸಾದವರಿಗೆ ಮನೆ, ಮನೆ, ಮನೆ. ಜಾಗ ಬದಲಾದರೆ ಅವರಿಗೆ ಗೊಂದಲ ಜಾಸ್ತಿ. ಕನ್ನಡಕ, ಕಿವಿಯ ಮಷೀನು, ಹಲ್ಲಿನ ಸೆಟ್ಟು ಮೊದಲ ದಿನವೇ ಕೊಡಿ. ಎಷ್ಟೋ ಸಲ ತಲೆ ಮಂಕಾಗಿದೆ ಅಂದುಕೊಂಡಿರುತ್ತೇವೆ, ನೋಡಿದರೆ ಕಾಣಿಸುತ್ತಿರಲ್ಲ, ಕೇಳಿಸುತ್ತಿರಲ್ಲ. ಹಗಲು ಕಿಟಕಿ ತೆಗೆದಿಡಿ, ರಾತ್ರಿ ಟಿವಿ ಬಂದ್. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ಲಿಯವರು ನಡಿಗೆಯನ್ನು ಬೆಳಿಗ್ಗೆ ಏಳರೊಳಗೆ ಮುಗಿಸಬೇಕು.

ಊಟ ಮತ್ತು ನುಂಗೋದು

ವ್ಯಾಯಾಮ ಎಷ್ಟೇ ಮಾಡಿಸಿ, ತಟ್ಟೆಯಲ್ಲಿ ಪ್ರೋಟೀನ್ ಇಲ್ಲದಿದ್ದರೆ ಸ್ನಾಯು ಬರಲ್ಲ. ಚೇತರಿಸಿಕೊಳ್ಳೋ ಹೊತ್ತಲ್ಲಿ ಮೈತೂಕದ ಒಂದು ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ, ಅಂದರೆ 60 ಕಿಲೋ ಇದ್ದವರಿಗೆ ದಿನಕ್ಕೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6, ದೊಡ್ಡ ಲೋಟ ಹಾಲಲ್ಲಿ 8, ನೂರು ಗ್ರಾಂ ಹೆಸರುಕಾಳಲ್ಲಿ 24. ಬರೀ ಗಂಜಿ, ಬಿಸ್ಕತ್ತು, ಎಳನೀರಿನಲ್ಲಿ ಇದು ಸಿಗಲ್ಲ. ಮೊಳಕೆ ಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು ನಮ್ಮ ಮನೆಯಲ್ಲೇ ಇದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರು ಹೇಳಿದ ಅಳತೆಯಲ್ಲೇ ತಿನ್ನಬೇಕು.

ಗಂಟಲಿಗೆ ವೆಂಟಿಲೇಟರ್ ನಳಿಕೆ ಹಾಕಿ ತೆಗೆದವರಿಗೆ ನುಂಗೋದು ಕೆಲವು ದಿನ ಸರಿ ಇರಲ್ಲ. ನೀರು ಕುಡಿದರೆ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ನೀರು ನಿಂತಂತೆ ದನಿ ಗೊರಗೊರ ಅನ್ನೋದು, ಪದೇ ಪದೇ ಜ್ವರ ಬಂದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತಿದೆ ಅಂತ ಅನುಮಾನ ಪಡಿ. ತೆಳು ನೀರೇ ಇಂಥವರಿಗೆ ಹೆಚ್ಚು ಅಪಾಯ, ಪುಡಿಪುಡಿಯಾಗೋ ಒಣ ಜೋಳದ ರೊಟ್ಟಿಯೂ ಬೇಡ. ನೇರ ಕೂರಿಸಿ, ಸಣ್ಣ ತುತ್ತು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಸ್ಪೀಚ್ ಥೆರಪಿಸ್ಟ್ ಇರೋ ಆಸ್ಪತ್ರೆಯನ್ನೇ ಹುಡುಕಿ, ಮಾತಿನವರೇ ನುಂಗೋದನ್ನೂ ನೋಡೋದು. ಈ ಒಂದು ತೊಂದರೆ ಇದ್ದರೆ ಮನೆ ಆಯ್ಕೆಯನ್ನು ಸದ್ಯಕ್ಕೆ ಬದಿಗಿಡಿ.

ಮನಸ್ಸು

ಅಪ್ಪ ಮೂರನೇ ತಿಂಗಳಲ್ಲಿ ಒಂದು ದಿನ "ಅಲ್ಲಿ ನನ್ನನ್ನ ಕಟ್ಟಿಹಾಕಿದ್ರು, ಗೋಡಿ ಮ್ಯಾಲೆ ಇರುವಿ ಹರೀತಿದ್ವು" ಅಂದರು. ಇರುವೆ ಇರಲಿಲ್ಲ. ಔಷಧ, ಸೋಂಕು, ನಿದ್ದೆಗೇಡಿನಿಂದ ಐಸಿಯುನಲ್ಲಿ ಇಂಥದ್ದು ಕಾಣೋದು ಬಹಳ ಸಾಮಾನ್ಯ. ಅಷ್ಟು ದಿನ ಯಾರಿಗೂ ಹೇಳದೆ ಹೊತ್ತುಕೊಂಡಿದ್ದರು, ಹುಚ್ಚು ಅಂತಾರೆ ಅನ್ನೋ ಭಯಕ್ಕೆ. ಐಸಿಯುನಲ್ಲಿ ಏನೇನಾಯಿತು, ಯಾವಾಗ ನಳಿಕೆ ಹಾಕಿದರು, ಯಾರು ಬಂದು ಹೋದರು ಅಂತ ನಾನು ಒಂದೊಂದಾಗಿ ಹೇಳಿದೆ. ವಿದೇಶದ ಎಷ್ಟೋ ಐಸಿಯುಗಳಲ್ಲಿ ರೋಗಿಗಾಗಿ ದಿನಚರಿ ಬರೆದಿಡುತ್ತಾರೆ, ಇದೇ ಉದ್ದೇಶಕ್ಕೆ. ಈಗ ನಿಮ್ಮವರು ಐಸಿಯುನಲ್ಲಿದ್ದರೆ ಒಂದು ನೂರು ಪುಟದ ನೋಟ್‌ಬುಕ್ ತಂದು ಇವತ್ತೇ ಶುರು ಮಾಡಿ. ಬೇಸರ, ಭಯ, ನಿದ್ದೆಗೇಡು ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಮಾಡಬಹುದು. ವಿಷ ಕುಡಿದು ಉಳಿದು ಬಂದವರ ಮನೆಯಲ್ಲಿ ಮೈ ಚೇತರಿಕೆಗಿಂತ ಮೊದಲು ಮನೋವೈದ್ಯರ ಭೇಟಿ ಆಗಬೇಕು, ಹೊಲದ ಔಷಧದ ಡಬ್ಬಿ ಬೀಗದೊಳಗೆ ಹೋಗಬೇಕು.

ಎಲ್ಲಿ ಮಾಡಿಸಿದರೂ ನಿಲ್ಲಿಸಬೇಕಾದ ಹೊತ್ತು ಒಂದೇ. ಎದೆನೋವು, ತಲೆ ಸುತ್ತಿ ಕಣ್ಣು ಕತ್ತಲೆ, ಆಕ್ಸಿಮೀಟರಿನಲ್ಲಿ 90ಕ್ಕಿಂತ ಕೆಳಗೆ ಇಳಿದು ಮೇಲೆ ಬರದಿರೋದು, ಹೊಸದಾಗಿ ಜ್ವರ, ತಟ್ಟನೆ ಗೊಂದಲ. ವ್ಯಾಯಾಮ ನಿಲ್ಲಿಸಿ, ಬೇಕಾದರೆ 108.

ನಾಳೆ ನಿಮ್ಮವರ ಡಿಸ್ಚಾರ್ಜ್ ಇದ್ದರೆ ಇವತ್ತು ಸಂಜೆ ರೌಂಡ್ಸಿಗೆ ಬರೋ ಡಾಕ್ಟರನ್ನು ಹೀಗೆ ಕೇಳಿ. ನೀರು ಸರಿಯಾಗಿ ನುಂಗುತ್ತಾರಾ ಅಂತ ನೋಡಿದ್ದೀರಾ? ಎಷ್ಟು ಹೆಜ್ಜೆ ನಡೆದಿದ್ದಾರೆ, ಹಿಡಿದುಕೊಂಡಾ, ಹಿಡಿಯದೆಯಾ? ಮನೆಗೆ ಏನು ಸಾಮಾನು ಬೇಕು? ಯಾವ ವ್ಯಾಯಾಮ ಬೇಡ? ಮತ್ತೆ ಎರಡು ಮೂರು ತಿಂಗಳಿಗೆ ಯಾರ ಹತ್ತಿರ ಬರಬೇಕು? ಇಂಗ್ಲೆಂಡಿನಲ್ಲಿ ಆ ಹೊತ್ತಿಗೆ ಒಮ್ಮೆ ಮೈ, ಮನಸ್ಸು, ನೆನಪು ಮೂರನ್ನೂ ಪರೀಕ್ಷೆ ಮಾಡಬೇಕು ಅಂತ 2009ರಲ್ಲೇ ಮಾರ್ಗಸೂಚಿ ಬರೆದಿದ್ದಾರೆ. ಇಲ್ಲಿ ಯಾರೂ ಕರೆಯಲ್ಲ, ನಾವೇ ದಿನ ಗುರುತು ಹಾಕಿಕೊಂಡು ಹೋಗಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಈಗಲೇ ಒಂದು ಬೊಟ್ಟು ಇಡಿ.